ನರಿ, ಚೆಂಡು ಮತ್ತು ಅಕ್ಕನ ಕಂಪ್ಯೂಟರ್

ನಂಜನಗೂಡಿನ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಸಂದಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ ತೆಗೆಯುವುದು, ಜಾತಿ-ಆದಾಯದ ಅರ್ಜಿ ಹಾಕುವುದು, ಜೆರಾಕ್ಸು, ಲ್ಯಾಮಿನೇಶನ್ನು, ಇಷ್ಟೇ ಕೆಲಸ. ಇದರಲ್ಲಿ ಅರ್ಧ ದಿನ ವೆಬ್‌ಸೈಟ್ ತೆರೆದುಕೊಳ್ಳಲಿ ಎಂದು ಕಾಯುವುದರಲ್ಲೇ ಹೋಗುತ್ತದೆ. ಕಾಯುವ ಮನುಷ್ಯನಿಗೂ ಏನಾದರೂ ಉದ್ಯೋಗ ಬೇಕಲ್ಲ. ಅದಕ್ಕೇ ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕಿನ ಸೆಂಟರ್‌ನವರು ಸೇರಿ ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದೆವು. ಪರಸ್ಪರ ಸಹಾಯಕ್ಕಾಗಿ ಎಂದು ಅದರ ತಲೆಯ ಮೇಲೆ ಬರೆದಿತ್ತು. ನಡೆಯುತ್ತಿದ್ದದ್ದು ಬರೀ ಜಗಳ.

ಆ ಗ್ರೂಪಿನಲ್ಲಿ ಯಾರಿಗೂ ಹೆಸರಿಲ್ಲ, ಊರೇ ಹೆಸರು. ದೇವನೂರು ಬೆಳಿಗ್ಗೆ ಎದ್ದು ಗುಲಾಬಿ ಹೂವಿನ ಚಿತ್ರ ಕಳಿಸುತ್ತದೆ. ಚಿಕ್ಕಯ್ಯನಛತ್ರ ಅದಕ್ಕೆ ಕೈ ಮುಗಿಯುತ್ತದೆ. ಯಾರು ಏನು ಕಷ್ಟ ಹೇಳಿಕೊಂಡರೂ ಸೋಮನಾಥಪುರ ‘ರೀಸ್ಟಾರ್ಟ್ ಮಾಡಿ’ ಎಂದು ಬರೆಯುತ್ತದೆ. ಒಮ್ಮೆ ದೇವನೂರಿನವರ ಅಂಗಡಿಯೊಳಗೆ ಹಾವು ಬಂದು, ಅವರು ಫೋಟೋ ಸಮೇತ ಹಾಕಿದಾಗಲೂ ಅದೇ ಉತ್ತರ ಬಂದಿತ್ತು.

ಬ್ರೌಸರ್ ವಿಷಯಕ್ಕೆ ಬಂದರೆ ನಮ್ಮಲ್ಲಿ ಎರಡು ಪಂಗಡ. ಪರದೆಯ ಮೇಲೆ ಬೆಂಕಿ ಬಣ್ಣದ ನರಿಯ ಚಿತ್ರ ಒತ್ತಿ ಇಂಟರ್ನೆಟ್ಟಿಗೆ ಹೋಗುವವರು ನರಿಯವರು. ಬಣ್ಣಬಣ್ಣದ ದುಂಡನೆಯ ಚಿತ್ರ ಒತ್ತಿ ಹೋಗುವವರು ಚೆಂಡಿನವರು. ಯಾವುದನ್ನು ಒತ್ತಿದರೂ ಕೊನೆಗೆ ಕಾಣುವುದು ಅದೇ ಪಹಣಿ, ಅದೇ ಸರ್ವೇ ನಂಬರು, ಅದೇ ‘ಸರ್ವರ್ ಬ್ಯುಸಿ’. ಆದರೆ ವಾದಕ್ಕೆ ಇಳಿದವನಿಗೆ ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಚೆಂಡಿನವನು. ಇಷ್ಟೆಲ್ಲ ಆದ ಮೇಲೂ ಚೆಂಡಿನವನೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನರಿಯವರ ಮುಂದಾಳು ಟಿ. ನರಸೀಪುರದವರು. ಅವರಿಗೂ ಸೆಂಟರ್ ಇದೆ. ಅವರು ನನ್ನ ಸ್ವಂತ ಅಕ್ಕನ ಗಂಡ, ನನ್ನ ಭಾವ.

ಎದುರಿಗೆ ಸಿಕ್ಕರೆ ಭಾವನಷ್ಟು ಸಂಭಾವಿತರಿಲ್ಲ. ತಟ್ಟೆಗೆ ಇನ್ನೊಂದು ಹೋಳಿಗೆ ತಾವೇ ಬಡಿಸುತ್ತಾರೆ. ಗ್ರೂಪಿನಲ್ಲಿ ಮಾತ್ರ ಅವರ ಅವತಾರವೇ ಬೇರೆ. ನನ್ನ ಚೆಂಡು ಮೆಮೊರಿ ತಿನ್ನುತ್ತದೆ ಎಂದು ಅವರು. ತಿನ್ನುವವನೇ ದುಡಿಯುವವನು ಎಂದು ನಾನು. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಸಾಕು ಎಂದು ಅವರು. ನಾಲ್ಕು ಜಿಬಿಯಲ್ಲಿ ಕ್ಯಾಲ್ಕುಲೇಟರ್ ಓಡಿಸಿ ಎಂದು ನಾನು. ಮೂರು ವರ್ಷ ಹೀಗೇ ನಡೆಯಿತು. ಇಬ್ಬರಿಗೂ ಅದರಿಂದ ಒಂದು ಬಗೆಯ ಸುಖವೇ ಇತ್ತು ಎಂದು ಈಗ ಅನಿಸುತ್ತದೆ.

ಶ್ರಾವಣದ ಒಂದು ಮಧ್ಯಾಹ್ನ ಭಾವ ಒಂದು ಫೋಟೋ ಹಾಕಿದರು. ಹಳೆಯದೊಂದು ಕಂಪ್ಯೂಟರು. ಬಿಳಿ ಬಣ್ಣ ಹಳದಿಗೆ ತಿರುಗಿದೆ. ಡಬ್ಬದ ಮುಖಕ್ಕೆ ಆಯುಧಪೂಜೆಯ ವಿಭೂತಿ ಮೂರು ಪಟ್ಟೆ, ನಡುವೆ ಕುಂಕುಮ. ಪರದೆಯ ಮೇಲೆ ನರಿ. ಇಷ್ಟು ಹಳೆಯ ಮಿಷಿನ್ನಿನಲ್ಲೂ ನಮ್ಮ ನರಿ ಪಹಣಿ ತೆಗೆದಿದೆ, ಚೆಂಡಿನವರು ಏನೆನ್ನುತ್ತಾರೆ ಎಂದು ಕೆಳಗೆ ಬರೆದಿದ್ದರು. ನರಿಯವರೆಲ್ಲ ಹೆಬ್ಬೆಟ್ಟು ಎತ್ತಿದರು. ನನಗೆ ಮೈ ಉರಿಯಿತು. ಹಿಂದೆ ಮುಂದೆ ನೋಡದೆ, ‘ಭಾವ, ಮೊದಲು ಆ ದರಿದ್ರದ ಡಬ್ಬಾನ ಗುಜರಿಗೆ ಹಾಕಿ. ಅದನ್ನ ಮನೇಲಿ ಇಟ್ಕೊಂಡಿರೋರಿಗೆ ನಾಚಿಕೆ ಆಗಬೇಕು, ಅದನ್ನ ತಂದುಕೊಟ್ಟೋರಿಗೆ ಇನ್ನೂ ನಾಚಿಕೆ ಆಗಬೇಕು’ ಎಂದು ಬರೆದು ಕಳಿಸಿಬಿಟ್ಟೆ.

ಹತ್ತು ನಿಮಿಷದ ಮೇಲೆ ಭಾವನ ಉತ್ತರ ಬಂತು. ತಂದುಕೊಟ್ಟವರು ನಿಮ್ಮ ಮನೆಯವರು, ಮದುವೆಯಲ್ಲಿ ಎಂದು ಒಂದೇ ಸಾಲು.

ನಿಜ. ಅಕ್ಕನ ಮದುವೆಯಲ್ಲಿ ಎಲ್ಲರೂ ಮಿಕ್ಸಿ, ಮಂಚ, ಬೀರು ಕೊಟ್ಟರೆ, ಅಕ್ಕ ಓದಿದವಳು ಎಂಬ ಹೆಮ್ಮೆಗೆ ನಮ್ಮಪ್ಪ ಕಂಪ್ಯೂಟರ್ ಕೊಟ್ಟಿದ್ದರು. ಮೈಸೂರಿನಿಂದ ಟೆಂಪೋದಲ್ಲಿ ತಂದದ್ದು ನಾನೇ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದವನೂ ನಾನೇ. ಆದರೂ ಗುರುತು ಸಿಗಲಿಲ್ಲ. ವಾದದ ಬಿಸಿಯಲ್ಲಿ ಅಪ್ಪ ಕೊಟ್ಟ ವಸ್ತುವೂ ಎದುರಾಳಿಯ ವಸ್ತುವಾಗಿ ಕಂಡಿತ್ತು.

ನಮ್ಮ ಕಡೆ ಜನ ಬೈಗುಳ ತಡೆದುಕೊಳ್ಳುತ್ತಾರೆ, ಕೊಟ್ಟ ವಸ್ತುವನ್ನು ಹೀಯಾಳಿಸಿದರೆ ತಡೆಯುವುದಿಲ್ಲ. ಮಾರನೆಯ ದಿನ ನರಸೀಪುರದ ಬಸ್ಸಿನ ಕಂಡಕ್ಟರು ನನ್ನ ಅಂಗಡಿಗೆ ಬಂದು ಗೋಣಿಚೀಲವೊಂದನ್ನು ಇಳಿಸಿ, ನಿಮ್ಮ ಭಾವ ಕೊಟ್ಟರು, ಕೈಗೇ ಕೊಡಬೇಕು ಎಂದಿದ್ದಾರೆ ಎಂದು ಹೇಳಿ ಹೋದ. ಬಿಚ್ಚಿದರೆ ವಿಭೂತಿ ಕುಂಕುಮದ ಸಮೇತ ಅದೇ ಡಬ್ಬ. ಮಾನಿಟರು ಬಂದಿರಲಿಲ್ಲ. ತಲೆ ಅಲ್ಲೇ ಉಳಿಸಿಕೊಂಡು ಮುಂಡ ಮಾತ್ರ ಕಳಿಸಿದ್ದರು.

ಸಂಜೆ ಮನೆಗೆ ಹೊತ್ತು ತಂದಾಗ ಅವ್ವ ಅದನ್ನು ನೋಡಿ ಹಜಾರದ ಕಂಬಕ್ಕೆ ಒರಗಿ ಕೂತುಬಿಟ್ಟಳು. ಅಪ್ಪ ಹೋದ ಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಮದುವೆಯಲ್ಲಿ ಕೊಟ್ಟದ್ದು ವಾಪಸು ಬಂತು ಎಂದರೆ ಸಂಬಂಧ ಮುಗಿಯಿತು ಎಂದು ಅವ್ವನ ಲೆಕ್ಕ. ಗೌರಿ ಹಬ್ಬ ಇನ್ನು ಮೂರು ವಾರವಿತ್ತು. ಅಕ್ಕ ಯಾವ ವರ್ಷವೂ ಗೌರಿಗೆ ತವರಿಗೆ ಬರುವುದು ತಪ್ಪಿಸಿದವಳಲ್ಲ. ನನ್ನ ಕೈಯಿಂದ ಮೊರದ ಬಾಗಿನ ತೆಗೆದುಕೊಂಡು, ಎರಡು ದಿನ ಇದ್ದು ಹೋಗುತ್ತಿದ್ದಳು. ಅವ್ವನಿಗೆ ವರ್ಷದಲ್ಲಿ ಆ ಎರಡು ದಿನವೇ ಹಬ್ಬ, ಉಳಿದದ್ದೆಲ್ಲ ಕ್ಯಾಲೆಂಡರ್.

“ಆ ನರಿ ನಿಂಗೇನ್ಲಾ ಮಾಡಿತ್ತು?” ಎಂದು ಅವ್ವ ಕೇಳಿದಳು. “ಓಗ್ಲಿ, ನರೀನೇ ಒಳ್ಳೇದು ಅಂತ ಒಂದ್ ಮಾತ್ ಬರ್ದಾಕು. ನನ್ ಮಗ್ಳು ಅಬ್ಬಕ್ಕೆ ಬರ್ಲಿ.”

ಭಾವನಿಂದಲೂ ಅದೇ ಷರತ್ತು ಚಿಕ್ಕಯ್ಯನಛತ್ರದವರ ಮೂಲಕ ಬಂದಿತ್ತು. ಡಬ್ಬದ ಮಾತು ಬಿಡಿ, ಅದನ್ನು ಕ್ಷಮಿಸಿದ್ದೇನೆ, ಚೆಂಡಿಗಿಂತ ನರಿ ವೇಗ ಎಂದು ಗ್ರೂಪಿನಲ್ಲಿ ಒಪ್ಪಿಕೊಳ್ಳಲಿ ಸಾಕು ಎಂದಿದ್ದರಂತೆ. ನನ್ನದು ಇದಕ್ಕೆ ತದ್ವಿರುದ್ಧ. ಡಬ್ಬದ ಮಾತಿಗೆ ಕಾಲು ಬೇಕಾದರೂ ಹಿಡಿಯುತ್ತಿದ್ದೆ. ಆದರೆ ನರಿ ವೇಗ ಎಂದು ಬರೆಯಲು ಬೆರಳು ಬರಲಿಲ್ಲ. ಎರಡು ಸಲ ಟೈಪ್ ಮಾಡಿ ಎರಡು ಸಲವೂ ಅಳಿಸಿದೆ. ಸುಳ್ಳು ಸಾಕ್ಷಿ ಹೇಳುವುದಕ್ಕೂ ಒಂದು ಮಿತಿ ಇದೆ.

ಅಕ್ಕನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅವ್ವ ಮಾಡಿದಾಗ ಎತ್ತಿ, ಕೆಲಸ ಐತೆ ಕಣವ್ವ, ಬರೋಕಾಗಲ್ಲ ಎಂದು ಇಟ್ಟುಬಿಟ್ಟಳಂತೆ. ಭಾವ ತಡೆದಿದ್ದಾರೆ ಎಂದು ನಾನು ತೀರ್ಮಾನ ಮಾಡಿದೆ. ಆ ತೀರ್ಮಾನಕ್ಕೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ, ಗ್ರೂಪಿನಲ್ಲಿ ನಾನು ಹೇಳುತ್ತಿದ್ದ ಎಲ್ಲಕ್ಕೂ ಇದ್ದಷ್ಟೇ ಆಧಾರ.

ಅಷ್ಟರಲ್ಲಿ ಗ್ರೂಪಿನಲ್ಲಿ ಬೆಂಕಿಗೆ ತುಪ್ಪ ಬಿತ್ತು. ಡಬ್ಬ ಈಗ ಚೆಂಡಿನವರ ಕೈಯಲ್ಲೇ ಇದೆಯಲ್ಲ, ಅದರ ಮೇಲೆ ಚೆಂಡು ಓಡಿಸಿ ತೋರಿಸಲಿ ಎಂದು ದೇವನೂರಿನವರು ಸವಾಲು ಹಾಕಿದರು. ನನಗೂ ಬೇಕಾಗಿದ್ದು ಅದೇ. ಡಬ್ಬವನ್ನು ಅಂಗಡಿಗೆ ತಂದು ಬಿಚ್ಚಿದೆ. ಒಳಗೆ ಹತ್ತು ವರ್ಷದ ಆಯುಧಪೂಜೆ ಇತ್ತು. ಫ್ಯಾನಿನ ರೆಕ್ಕೆಗೆ ವಿಭೂತಿ, ಬೋರ್ಡಿನ ಮೇಲೆ ಅಕ್ಷತೆಯ ಕಾಳು, ಮೂಲೆಯಲ್ಲಿ ಒಣಗಿದ ಸೇವಂತಿಗೆ, ಒಂದು ಗುಂಡುಸೂಜಿ, ಒಂದು ಬಣ್ಣದ ದಾರ. ಬ್ಲೋಯರ್ ಹಿಡಿದಾಗ ಎದ್ದ ವಿಭೂತಿಯ ಧೂಳಿಗೆ ಅರ್ಜಿ ಹಾಕಲು ಬಂದಿದ್ದ ಯಜಮಾನರೊಬ್ಬರು ತಾವಾಗಿಯೇ ಹಣೆ ಒಡ್ಡಿದರು.

ರ‍್ಯಾಮ್ ಹೆಚ್ಚಿಸಿದೆ. ಪೂರ್ತಿ ಫಾರ್ಮ್ಯಾಟ್ ಹೊಡೆದು, ಎಲ್ಲ ಹೊಸದಾಗಿ ತುಂಬಿ, ಚೆಂಡು ಹಾಕಿದೆ. ಸ್ವಿಚ್ ಒತ್ತಿದರೆ ಹದಿನಾಲ್ಕು ಸೆಕೆಂಡಿಗೆ ಪರದೆ ತೆರೆದುಕೊಂಡಿತು. ವೀಡಿಯೋ ಮಾಡಿ, ಹಳೇ ಕಸವೆಲ್ಲ ಗುಡಿಸಿ ಹಾಕಿದ್ದೇನೆ, ಈಗ ನೋಡಿ ಎಂದು ಬರೆದು ಗ್ರೂಪಿಗೆ ಬಿಟ್ಟೆ. ಚೆಂಡಿನವರು ಪಟಾಕಿಯ ಚಿತ್ರಗಳನ್ನು ಹಾಕಿದರು. ರ‍್ಯಾಮ್ ಹಾಕಿದರೆ ಎಮ್ಮೆಯೂ ಓಡುತ್ತದೆ ಎಂದು ಭಾವ ಬರೆದರು. ಹಾಗಾದರೆ ಎಮ್ಮೆಗೇ ರ‍್ಯಾಮ್ ಹಾಕಿ ಎಂದು ನಾನು. ಎಮ್ಮೆಯ ಮಾತು ಸಂಜೆಯವರೆಗೆ ನಡೆಯಿತು.

ಗೌರಿ ಹಬ್ಬಕ್ಕೆ ಮೂರು ದಿನ ಉಳಿದಾಗ ಅವ್ವ ಬಾಗಿನ ಕಟ್ಟಿದಳು. ಜೋಡಿ ಮೊರ, ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಕನ್ನಡಿ, ಎರಡು ರವಿಕೆ ಕಣ. “ಅವಳು ಬರ್ದಿದ್ರೆ ನೀನೇ ಓಗಿ ಕೊಟ್ಬುಟ್ ಕರ್ಕೊಂಬಾ” ಎಂದಳು. ಒಂದು ತೋಳಲ್ಲಿ ಬಾಗಿನ, ಇನ್ನೊಂದು ತೋಳಲ್ಲಿ ಗೋಣಿಚೀಲದ ಡಬ್ಬ ಹಿಡಿದು ನಾನು ನರಸೀಪುರದ ಬಸ್ಸು ಹತ್ತಿದೆ. ಹೆಂಗಸರ ಸೀಟಿನಲ್ಲಿದ್ದ ಅಜ್ಜಿ ಬಾಗಿನ ನೋಡಿ ಅಕ್ಕನ ಮನೆಗಾ ಎಂದು ಕೇಳಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಡಬ್ಬವನ್ನು ಯಾರೂ ಕೇಳಲಿಲ್ಲ, ಅದು ನನ್ನ ತೊಡೆಯ ಮೇಲೆಯೇ ಬಂತು. ದಾರಿಯುದ್ದಕ್ಕೂ ನಾನು ಯೋಚಿಸುತ್ತಿದ್ದದ್ದು ಭಾವನಿಗೆ ಹೇಳಬೇಕಾದ ಮಾತನ್ನು. ಅಕ್ಕನಿಗೆ ಹೇಳುವ ಮಾತು ಒಂದೂ ಹೊಳೆದಿರಲಿಲ್ಲ, ಬೇಕು ಅಂತಲೂ ಅನಿಸಿರಲಿಲ್ಲ.

ಭಾವ ಜಗುಲಿಯಲ್ಲೇ ಕೂತಿದ್ದರು. ಬಾರಪ್ಪ ಎಂದರು. ಕೂರಿಸಿ ನೀರು ಕೊಟ್ಟರು. ಮೂರು ವಾರದಲ್ಲಿ ನಾನೂರು ಮೆಸೇಜು ಬರೆದವರಿಗೆ ಮಳೆ ಬೆಳೆ ಕೇಳಲು ಬಾಯಿ ಬರಲಿಲ್ಲ. ಕೊನೆಗೆ ಭಾವ ಮೆಲ್ಲಗೆ, ನಿಮ್ಮಕ್ಕ ನನ್ನ ಜೊತೆ ಮಾತು ಬಿಟ್ಟು ಮೂರು ವಾರ ಆಗುತ್ತಾ ಬಂತು, ಅವಳನ್ನು ಇಷ್ಟು ಕೆಣಕುವಂಥದ್ದು ನೀನು ಏನು ಹೇಳಿದೆ ಎಂದು ನನ್ನನ್ನೇ ಕೇಳಿದರು. ಅವಳ ಸಿಟ್ಟು ನನ್ನ ಮಾತಿನಿಂದ ಬಂದದ್ದು ಎಂದು ಅವರು ತಿಳಿದಿದ್ದರು. ಅವರ ಮಾತು ಕಟ್ಟಿಕೊಂಡು ಅವಳು ಬರುತ್ತಿಲ್ಲ ಎಂದು ನಾನು ತಿಳಿದಿದ್ದೆ.

ಅಕ್ಕ ಒಳಗಿಂದ ಬಂದಳು. ಕೊರಳಲ್ಲಿ ಅಳತೆ ಟೇಪು. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ಹಬ್ಬದ ಹೊತ್ತಿಗೆ ನರಸೀಪುರದ ಅರ್ಧ ಹೆಂಗಸರು ಅವಳ ಬಳಿಯೇ ಬರುವುದು. ಬಾಗಿನದ ಕಡೆ ಅವಳು ನೋಡಲೇ ಇಲ್ಲ. ಗೋಣಿಚೀಲ ನೋಡಿದವಳ ಮುಖ ಅರಳಿತು. ನನ್ನ ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡು ಒಳಗೆ ಹೋದಳು. ಮಾನಿಟರು ಹೊಲಿಗೆ ಮಿಷಿನ್ನಿನ ಪಕ್ಕದಲ್ಲಿ ಕಾಯುತ್ತಿತ್ತು. ವೈರು ಸಿಕ್ಕಿಸಿದಳು. ನಾನೂ ಹಿಂದೆಯೇ ಹೋಗಿ, ಸ್ವಿಚ್ ಒತ್ತಕ್ಕ, ಹದಿನಾಲ್ಕೇ ಸೆಕೆಂಡು ಎಂದೆ. ಭಾವನೂ ಬಾಗಿಲಲ್ಲಿ ನಿಂತು ವಾಚು ನೋಡುತ್ತಿದ್ದರು.

ಹದಿನಾಲ್ಕು ಸೆಕೆಂಡಿಗೆ ತೆರೆಯಿತು. ನೀಲಿ ಪರದೆ, ಮೂಲೆಯಲ್ಲಿ ಚೆಂಡು, ಮತ್ತೇನೂ ಇಲ್ಲ. ಅಕ್ಕ ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

“ಅಳತೆ ಎಲ್ಲೋ?” ಎಂದಳು.

ಏನಳತೆ ಎಂದೆ.

“ಇನ್ನೂರೈವತ್ತ್ ಜನದ ಅಳತೆ ಕಣೋ. ಒಂದ್ಸಲ ಅಳತೆ ತಗಂಡ್ರೆ ಮತ್ತೆ ಯಾರ್ನೂ ಅಳತೆ ರವಿಕೆ ತನ್ನಿ ಅಂತ ಕೇಳ್ತಿರ್ಲಿಲ್ಲ. ಬಟ್ಟೆ ಕೊಟ್ಟೋಗ್ತಿದ್ರು, ನಾನು ಇದ್ರಲ್ಲಿ ನೋಡ್ಕಂಡು ಒಲೀತಿದ್ದೆ.”

ಗೋಡೆಯ ಉದ್ದಕ್ಕೂ ಚೀಟಿ ಚುಚ್ಚಿದ ರವಿಕೆ ಕಣಗಳು ಗುಡ್ಡೆ ಬಿದ್ದಿದ್ದವು. ಹಸಿರು, ಕೆಂಪು, ಅರಿಶಿನ, ಒಂದೂ ಕತ್ತರಿ ಕಾಣದೆ. ಅವಳು ಸಂತೆಗೆ ಹೋಗಿದ್ದ ಹೊತ್ತಿನಲ್ಲಿ ಭಾವ ಡಬ್ಬವನ್ನು ಬಸ್ಸಿಗೆ ಹಾಕಿದ್ದರು. ಗಂಡಸರ ರೋಷ ಎಷ್ಟು ದಿನ, ಇಳಿದ ಮೇಲೆ ಹೋದ ಹಾಗೇ ವಾಪಸು ಬರುತ್ತದೆ ಎಂದು ಅವಳು ಬಾಯಿ ಮುಚ್ಚಿಕೊಂಡು ಕಾದಿದ್ದಳು. ಆ ಅಳತೆಗಳೇ ನಾನು ಗುಡಿಸಿ ಹಾಕಿದ ಹಳೇ ಕಸ.

“ನಂಗ್ ಯಾವ್ ನರೀನೂ ಬೇಡ, ಚೆಂಡೂ ಬೇಡ” ಎಂದಳು ಅಕ್ಕ. ಜೋರಾಗಿ ಹೇಳಲಿಲ್ಲ. “ಈ ಮಿಷಿನ್‌ಗೆ ನೆಟ್ಟೇ ಇರ್ಲಿಲ್ಲ. ಅವತ್ತೊಂದಿನ ಇವ್ರು ಫೋಟೋ ತಗಿಯಕ್ಕೆ ಅಂತ ಮೊಬೈಲಿಂದ ಕೊಟ್ರಲ್ಲ, ಅದೇ ಮೊದ್ಲು, ಅದೇ ಕೊನೆ. ಇದು ನಂಗ್ ಅಪ್ಪ ಕೊಟ್ಟಿದ್ದು. ಕಳ್ಸೋವಾಗ ಇವ್ರು ನನ್ ಕೇಳ್ಲಿಲ್ಲ, ಅಳ್ಸೋವಾಗ ನೀನ್ ಕೇಳ್ಲಿಲ್ಲ.”

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಭಾವ ಭಾಮೈದನ ಜಗಳದಲ್ಲಿ ನರಸೀಪುರದ ಹೆಂಗಸರಿಗೆ ಹಬ್ಬಕ್ಕೆ ರವಿಕೆ ಇಲ್ಲದಾಗಿತ್ತು. ನನಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಗ್ರೂಪಿನಲ್ಲಿ ಇನ್ನೊಬ್ಬರಿಗೆ ಆಗಬೇಕು ಎಂದು ಬರೆಯುತ್ತಿದ್ದಂಥದ್ದಲ್ಲ.

ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್ ಹಾಕಿ ಸಂಜೆಯವರೆಗೆ ಒದ್ದಾಡಿದೆ. ಭಾವ ಪಕ್ಕದಲ್ಲೇ ಕೂತು ಬೇರೆ ಸಾಫ್ಟ್‌ವೇರ್ ಒಳ್ಳೆಯದಿತ್ತು ಎಂದು ಶುರುಮಾಡಿದರು. ಅಕ್ಕ ಕತ್ತರಿ ಎತ್ತಿ ಮೇಜಿನ ಮೇಲೆ ಇಟ್ಟಳು, ಅಷ್ಟೆ, ಅವರು ನಿಲ್ಲಿಸಿದರು. ಕೊನೆಗೆ ಸಿಕ್ಕಿದ್ದು ಭಾವ ಅವತ್ತು ತೆಗೆದ ಪಹಣಿಯೊಂದೇ. ಅದರ ಜಮೀನಿಗೆ ರವಿಕೆ ಹೊಲಿಯುವ ಹಾಗಿರಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಹೆಂಗಸರು ಮತ್ತೆ ಅಳತೆ ಕೊಡಲು ಬರಬೇಕಾಯಿತು. ಬಾಗಿಲಿಗೆ ಅಂಟಿಸುವ ಚೀಟಿಯನ್ನು ನಾನೂ ಭಾವನೂ ಬರೆದೆವು. ಅದರ ಅಕ್ಷರದ ಫಾಂಟಿನ ಬಗ್ಗೆ ಮಾತು ಏಳುವಷ್ಟರಲ್ಲಿ ಅಕ್ಕ ಕಿತ್ತುಕೊಂಡು ಕೈಯಲ್ಲೇ ಬರೆದಳು. ಅಡ್ಡಲಾಗಿ ಸೀರೆಯ ಪರದೆ ಕಟ್ಟಿ ಆಚೆ ಅಕ್ಕ ಅಳತೆ ತೆಗೆಯುವುದು, ಈಚೆ ನಾವಿಬ್ಬರೂ ಕೂತು ಅವಳು ಕೂಗಿದ ಅಂಕಿಯನ್ನು ಹೊಡೆಯುವುದು. ನಾನು ಟೈಪ್ ಮಾಡಿದರೆ ಭಾವ ನೋಟ್‌ಬುಕ್ಕಿನಲ್ಲೂ ಬರೆಯಬೇಕು, ಇನ್ನು ಮುಂದೆ ಡಬ್ಬ ನಂಬುವ ಹಾಗಿಲ್ಲ ಎಂದು ಅಕ್ಕನ ಅಪ್ಪಣೆ. ತೋಳು ಹನ್ನೊಂದೂವರೆ, ಉದ್ದ ಹದಿನಾಲ್ಕು, ಕತ್ತು ಏಳು. ಬಂದ ಹೆಂಗಸರೆಲ್ಲ ನಮ್ಮ ಮುಂದೆ ನಿಂತು, ಎರಡು ತಾಲ್ಲೂಕಿನ ಬುದ್ಧಿವಂತರನ್ನು ನೋಡಿ ಹೋಗುತ್ತಿದ್ದರು. ಹಾಲಿನ ಡೈರಿಯ ಅಮ್ಮನೊಬ್ಬರು, ಮದುವೆಯಾದಾಗಿನಿಂದ ನನ್ನ ಗಂಡನಿಗೂ ಹೇಳದ ಅಳತೆಯನ್ನು ಇವರ ಮುಂದೆ ಕೂಗುತ್ತೀಯಲ್ಲೇ ಎಂದು ಅಕ್ಕನಿಗೆ ಬೈದರು. ನಾವು ತಲೆ ಎತ್ತಲಿಲ್ಲ.

ಗ್ರೂಪಿನಲ್ಲಿ ನಾವಿಬ್ಬರೂ ಎರಡು ದಿನ ಕಾಣದೇ ಹೋದದ್ದಕ್ಕೆ ಗಾಬರಿಯಾಗಿ ಸೋಮನಾಥಪುರದವರು ಫೋನ್ ಮಾಡಿದರು. ಭಾವ ವಿಷಯ ಹೇಳಿದರು. ಆ ಕಡೆಯಿಂದ ಬಂದ ಸಲಹೆ ಏನೆಂದು ನಾನು ಕೇಳಲಿಲ್ಲ.

ಇಷ್ಟು ಕೆಲಸ ಬಿಟ್ಟು ಅಕ್ಕ ತವರಿಗೆ ಬರುವುದು ಕನಸಿನ ಮಾತು. ಅದಕ್ಕೇ ಗೌರಿಯ ಬೆಳಿಗ್ಗೆ ಅವ್ವನೇ ಮೊದಲ ಬಸ್ಸು ಹಿಡಿದು ಬಂದಳು. ಮಗಳ ಮನೆಗೆ ಬರಿಗೈಯಲ್ಲಿ ಬರಬಾರದೆಂದು ಮಡಿಲ ತುಂಬ ನಂಜನಗೂಡಿನ ಬಾಳೆಹಣ್ಣು. ನಾನು ಬಾಗಿನ ಕೊಟ್ಟೆ. ಅಕ್ಕ ಸೆರಗು ಹಿಡಿದು ತೆಗೆದುಕೊಂಡಳು. ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಬಾಗಿನದಲ್ಲಿದ್ದ ಎರಡು ಕಣದಲ್ಲಿ ಒಂದನ್ನು ಎತ್ತಿಕೊಂಡು, ನಿಂಗೂ ಒಂದು ಹೊಲಿತೀನಿ ಬಾರವ್ವ ಎಂದು ಅವ್ವನನ್ನು ಪರದೆಯ ಆಚೆಗೆ ಕರೆದುಕೊಂಡು ಹೋದಳು.

ನಾನು ಬೆರಳು ಕೀಲಿಮಣೆಯ ಮೇಲಿಟ್ಟು ಕಾದೆ. ಭಾವ ಪೆನ್ನು ಹಿಡಿದು ಕಾದರು. ಅಂಕಿ ಬರಲಿಲ್ಲ. ಟೇಪು ಸರಿದ ಸದ್ದಾಯಿತು, ಮತ್ತೊಂದು ಸಲ ಸರಿದ ಸದ್ದಾಯಿತು. ಆಮೇಲೆ ಅಕ್ಕ ಪರದೆ ಸರಿಸಿ ಈಚೆಗೆ ಬಂದಳು.

“ಅವ್ವಂದು ಸುತ್ತಳತೆ ಮೂವತ್ತಾರು. ಹೋದ ಗೌರೀಲಿ ನಾನೇ ತಗ್ದಿದ್ದು, ನಂಗ್ ಬಾಯಿಪಾಠ. ಈಗ ಮೂವತ್ಮೂರು ಬತ್ತಾ ಐತೆ.” ನನ್ನ ಮುಖ ನೋಡಿದಳು. “ಅವ್ವ ಸರಿಯಾಗ್ ಊಟ ಮಾಡ್ತಾ ಅವ್ಳೇನೋ?”

ನಾನು ಅವ್ವನ ಜೊತೆ ಒಂದೇ ಮನೆಯಲ್ಲಿ ಇರುವವನು. ದಿನಾ ಅವಳ ಎದುರಿಗೇ ಕೂತು ಉಣ್ಣುವವನು, ಬಲಗೈಯಲ್ಲಿ ಮುದ್ದೆ, ಎಡಗೈಯಲ್ಲಿ ಫೋನು. ಯಾವ ಬ್ರೌಸರ್ ಎಷ್ಟು ಮೆಮೊರಿ ತಿನ್ನುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅವ್ವ ಎಷ್ಟು ತಿನ್ನುತ್ತಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಪರದೆಯ ಆಚೆಯಿಂದ ಅವ್ವ, “ಬಿಗಿಯಾಗ್ ಒಲೀಬೇಡ ಕಣವ್ವ, ಆಮೇಲ್ ದಪ್ಪ ಆಯ್ತೀನಿ” ಎಂದಳು.

ಅಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡು ನನಗೆ ಹೇಳಿದಳು.

“ಮೂವತ್ತಾರೇ ಬರ್ಕೊ. ದೀಪಾವಳಿಗೆ ನಾನೇ ಬತ್ತೀನಿ. ರವಿಕೆ ಅವತ್ತು ಅವ್ವಂಗೆ ಸರಿಯಾಗ್ ಕೂರ್ಬೇಕು, ಅದು ನಿನ್ ಕೆಲ್ಸ.”

ನಾನು ಮೂವತ್ತಾರು ಎಂದು ಹೊಡೆದೆ. ಭಾವ ನೋಟ್‌ಬುಕ್ಕಿನಲ್ಲೂ ಬರೆದುಕೊಂಡರು.